ತಾಮ್ರದ ಸುರುಳಿ, ಸೈಕಲ್ ಕಡ್ಡಿ

"ಏನಮ್ಮಾ, ನಿಮ್ಮ ಸೈನ್ಸ್ ಮೇಷ್ಟ್ರು ಎಲ್ಲಿ? ಸ್ವಲ್ಪ ಕರೀತೀಯಾ?"

ನಾನು ಲ್ಯಾಬಿನ ನೆಲದ ಮೇಲೆ ಕೂತು ಬೀಕರುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿಡುತ್ತಿದ್ದೆ. ಪರೀಕ್ಷೆ ಮುಗಿದು ಅರಸೀಕೆರೆಯ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲು ಖಾಲಿಯಾಗಿತ್ತು. ಬಾಗಿಲಲ್ಲಿ ಎತ್ತರದ ಯುವಕರೊಬ್ಬರು ನಿಂತಿದ್ದರು. ಖಾಕಿ ಪ್ಯಾಂಟು, ಬಿಸಿಲಿಗೆ ಕೆಂಪಾದ ಮುಖ, ಶರ್ಟಿನ ಜೇಬಿನಲ್ಲಿ ಪೆನ್ನಿನ ಬದಲು ಸ್ಕ್ರೂಡ್ರೈವರು.

ಆ ಮೇಷ್ಟ್ರು ನಾನೇ ಎಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ.

"ಏನು ಬೇಕಿತ್ತು?" ಎಂದೆ, ಕೈಯಲ್ಲಿದ್ದ ಬೀಕರಿಗೆ.

"ರಿಯೋಸ್ಟಾಟ್. ರೈಲ್ವೆ ವಾರ ಬರುತ್ತಲ್ಲ, ಇನ್‌ಸ್ಟಿಟ್ಯೂಟಿನಲ್ಲಿ ಎಗ್ಸಿಬಿಷನ್ ಇದೆ. ಅರಸೀಕೆರೆ ಸ್ಟೇಷನ್ನಿನ ಮಾಡೆಲ್ ಮಾಡ್ತಿದ್ದೀವಿ. ಪುಟ್ಟ ಇಂಜಿನ್ನಿನ ವೇಗ ಹೆಚ್ಚುಕಡಿಮೆ ಮಾಡೋಕೆ ಬೇಕು. ಇದೆಲ್ಲ ನಿನಗೆ ಗೊತ್ತಾಗಲ್ಲ ಬಿಡಮ್ಮ, ಮೇಷ್ಟ್ರನ್ನ ಕರಿ."

ನಾನು ಎದ್ದು ಬೀರು ತೆಗೆದು ರಿಯೋಸ್ಟಾಟನ್ನು ಮೇಜಿನ ಮೇಲಿಟ್ಟೆ. ರಿಜಿಸ್ಟರು ಬಿಡಿಸಿದೆ. ಅವರು 'ಸಂಪತ್ಕುಮಾರ್, ಅಸಿಸ್ಟೆಂಟ್ ಸಿಗ್ನಲ್ ಇನ್‌ಸ್ಪೆಕ್ಟರ್' ಎಂದು ಸಹಿ ಹಾಕಿದರು. ಅದರ ಕೆಳಗೆ ನಾನು ಬರೆದೆ: ಕೋಮಲವಲ್ಲಿ, ಬಿ.ಎಸ್ಸಿ., ವಿಜ್ಞಾನ ಶಿಕ್ಷಕಿ.

ಅವರು ಅದನ್ನು ತಲೆಕೆಳಗಾಗಿಯೇ ಓದಿದರು. ಮೊದಲು ಕಿವಿಯ ತುದಿ ಕೆಂಪಾಯಿತು, ಆಮೇಲೆ ಇಡೀ ಕಿವಿ.

"ಬಿ.ಎಸ್ಸಿ. ಅಂತ ಮುಖದ ಮೇಲೆ ಬರೆದಿರಲ್ಲ ನೋಡಿ," ಎಂದು ತಮ್ಮ ಬೂಟಿಗೆ ಹೇಳಿದರು.

ನನಗೆ ನಗು ಬಂತು. ಅದನ್ನು ತಡೆಯಲು ಬೀರುವಿನ ಕಡೆ ತಿರುಗಿದೆ.

ನಮ್ಮ ಹೆಡ್‌ಮಿಸ್ಟ್ರೆಸ್ ಕಾಂತಮ್ಮನವರು ಮಾತ್ರ ಕನ್ನಡಕದ ಮೇಲಿಂದ ನೋಡಿ ಅಂದರು: "ಸ್ಕೂಲಿನ ಸಾಮಾನು ಒಂದೇ ಹೊರಗೆ ಹೋಗೋ ಹಾಗಿಲ್ಲ. ಅದರ ಜೊತೆ ನಮ್ಮ ಟೀಚರೂ ಬರ್ತಾರೆ. ದಿನಾ ತಗೊಂಡು ಹೋಗಿ ದಿನಾ ವಾಪಸ್ ತರ್ತಾರೆ."

ಹೀಗೆ ೧೯೬೧ರ ಏಪ್ರಿಲ್ ತಿಂಗಳಲ್ಲಿ, ಒಂದು ರಿಯೋಸ್ಟಾಟಿನ ಕಾವಲಿಗೆಂದು ನಾನು ರೈಲ್ವೆ ನೌಕರರ ಕ್ಲಬ್ಬಾದ ಇನ್‌ಸ್ಟಿಟ್ಯೂಟಿನ ಮೆಟ್ಟಿಲು ಹತ್ತಿದೆ.

ನನ್ನ ಊರು ಬೇಲೂರು. ಅಪ್ಪ ದೇವಸ್ಥಾನದ ಕಚೇರಿಯಲ್ಲಿದ್ದರು. ಇಲ್ಲಿ ರೈಲ್ವೆ ಕ್ವಾರ್ಟರ್ಸಿನಲ್ಲಿ, ಪಾರ್ಸೆಲ್ ಆಫೀಸಿನಲ್ಲಿದ್ದ ದೊಡ್ಡಪ್ಪ ಅನಂತಸ್ವಾಮಿ, ದೊಡ್ಡಮ್ಮ ಚೆಲುವಾಂಬ ಇವರ ಮನೆಯಲ್ಲಿದ್ದು ಕೆಲಸಕ್ಕೆ ಹೋಗುತ್ತಿದ್ದೆ. ಕ್ಲಾಸಿನಲ್ಲಿ ಪಾಠ ಹೇಳಲು ಬರುತ್ತಿತ್ತು. ಕ್ಲಾಸಿನಿಂದ ಹೊರಗೆ ನಾನು ಮಾತಾಡುತ್ತಿದ್ದದ್ದು ನನ್ನ ಡೈರಿಯ ಜೊತೆ ಮಾತ್ರ.

ಇನ್‌ಸ್ಟಿಟ್ಯೂಟಿನ ಹಾಲಿನಲ್ಲಿ ಉದ್ದಕ್ಕೆ ಮೇಜುಗಳನ್ನು ಜೋಡಿಸಿದ್ದರು. ಅವುಗಳ ಮೇಲೆ ಸೀಮೆಸುಣ್ಣದಲ್ಲಿ ಇಡೀ ಸ್ಟೇಷನ್ನನ್ನು ಗೀಚಿದ್ದರು: ಬೆಂಗಳೂರಿನ ಕಡೆಯ ಲೈನು, ಹುಬ್ಬಳ್ಳಿಯ ಕಡೆಯದು, ಪಕ್ಕಕ್ಕೆ ಹೊರಳುವ ಹಾಸನದ ಲೈನು. ಯಾವ ಕಂಬಿ ಹಾಕುವುದು ಎಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ.

ಒಂದು ಪೆಟ್ಟಿಗೆಯಲ್ಲಿ ವಿಲಾಯಿತಿಯಿಂದ ಬಂದ ತಗಡಿನ ಆಟದ ಕಂಬಿ ಇತ್ತು, ನಿವೃತ್ತ ಡ್ರೈವರೊಬ್ಬರ ಮನೆಯವರು ಕೊಟ್ಟದ್ದು. ಸಿಕ್ಕಿಸಿದರೆ ಒಂದು ಗಂಟೆಯ ಕೆಲಸ. ಸಿಗ್ನಲ್ ಕ್ಯಾಬಿನ್ನಿನಲ್ಲಿ ಇಪ್ಪತ್ತಾರು ವರ್ಷ, ರೈಲಿನ ದಾರಿ ಬದಲಿಸುವ ಲಿವರ್ ಎಳೆದಿದ್ದ ಬೋರಯ್ಯ ಅದನ್ನು ಎತ್ತಿ ಹಿಡಿದು ನೋಡಿದ.

"ಇದೇನು ಸಾಮಿ, ಏಣಿ ಮಲಗಿಸ್ದಂಗೈತೆ! ಮೂರು ಕಂಬಿ ಬೇರೆ. ನಮ್ಮೂರಾಗೆ ಯಾವ ರೈಲು ಮೂರು ಕಂಬಿ ಮ್ಯಾಲೆ ಓಡ್ತೈತೆ?"

"ಅದಕ್ಕೇ ಕಣಯ್ಯ ಇದು," ಎಂದು ಸಂಪತ್ ಇನ್ನೊಂದು ತುಂಡನ್ನು ನನ್ನ ಮುಂದೆ ಇಟ್ಟರು.

ಪಾರ್ಸೆಲ್ ಪೆಟ್ಟಿಗೆಯ ಹಲಗೆಯಿಂದ ಬೆಂಕಿಕಡ್ಡಿಯಷ್ಟೇ ಸಣ್ಣಗೆ ಸೀಳಿದ ಸ್ಲೀಪರುಗಳು, ಅಂದರೆ ಕಂಬಿಯಡಿಯ ಅಡ್ಡಪಟ್ಟಿಗಳು. ಒಂದೊಂದಕ್ಕೂ ಎರಡು ಹಿತ್ತಾಳೆ ಗುಂಡುಸೂಜಿ, ಅವುಗಳ ತಲೆಗೆ ಬೆಸುಗೆ ಹಾಕಿದ ಹಿತ್ತಾಳೆ ಪಟ್ಟಿ. ಒಂದು ಗೇಣು ಕಂಬಿಗೆ ಮೂವತ್ತು ಸ್ಲೀಪರು. ನಾವು ಬೇಲೂರಿನವರು ಸಣ್ಣ ಕುಸುರಿ ಕೆಲಸವನ್ನು ಸುಲಭಕ್ಕೆ ಹೊಗಳುವುದಿಲ್ಲ. ಕಣ್ಣು ಬಿಟ್ಟಂದಿನಿಂದ ನೋಡಿರುತ್ತೇವೆ. ಆದರೂ ನನ್ನ ಬೆರಳು ತಾನಾಗಿ ಆ ಕಂಬಿಯ ಮೇಲೆ ಹೋಯಿತು. ಎಲ್ಲಿಯೂ ತಡೆಯಲಿಲ್ಲ.

"ಹನ್ನೊಂದು ದಿನ ಇದೆ. ಸಾವಿರದ ಇನ್ನೂರು ಸ್ಲೀಪರ್ ಬೇಕು," ಎಂದರು. "ಇದು ಹುಚ್ಚು ಅಂತ ಎಲ್ಲರೂ ಹೇಳಿದ್ದಾರೆ. ನೀವೇನು ಹೇಳ್ತೀರಿ, ಟೀಚರ್?"

ನಾನು ಹಿತ್ತಾಳೆ ಕಂಬಿಯನ್ನು ಬೆರಳಿನಿಂದ ಅರ್ಧ ಇಂಚು ಅವರ ಕಡೆಗೆ ತಳ್ಳಿದೆ.

"ಕೇಳಿದ್ಯಾ ಬೋರಯ್ಯ? ಟೀಚರ್ ಭಾಷಣ ಮಾಡಿದರು. ತೀರ್ಮಾನ ಆಯ್ತು."

ಅಂದಿನಿಂದ ನಾನು ಸ್ಲೀಪರುಗಳಿಗೆ ಸೂಜಿ ಚುಚ್ಚುತ್ತ ಕೂತೆ. ಅವರು ಬೆಸೆಯುತ್ತಿದ್ದರು. ಬೆಸುಗೆಯ ಹೊಗೆಗೆ ಕಣ್ಣು ಕಿರಿದು ಮಾಡಿ, ಉಸಿರು ಹಿಡಿದು, ತವರ ಕರಗಿ ಹರಿದು ಹೊಳೆದ ಕ್ಷಣ ಉಸಿರು ಬಿಡುತ್ತಿದ್ದರು. ಆ ಒಂದು ಉಸಿರಿಗಾಗಿ ನಾನು ಕಾಯುತ್ತಿದ್ದೆನೆಂದು ಡೈರಿಯಲ್ಲಿ ಬರೆದು, ಆಮೇಲೆ ಆ ಸಾಲನ್ನು ಹೊಡೆದು ಹಾಕಿ, ಮತ್ತೆ ಅದರ ಕೆಳಗೆ ಬರೆದೆ.

ಒಮ್ಮೆ ಎರಡು ಲೈನು ಕತ್ತರಿಯಂತೆ ಸೇರುವ ಕಡೆ ಅವರು ಎಲ್ಲವನ್ನೂ ಒಟ್ಟಿಗೆ ಬೆಸೆಯಲು ಹೊರಟಿದ್ದರು. ಹಾಗೆ ಮಾಡಿದರೆ ಕರೆಂಟು ಹರಿಯುವ ಎಡ ಬಲದ ಕಂಬಿಗಳು ಮುಟ್ಟಿ ಷಾರ್ಟ್ ಆಗುತ್ತಿತ್ತು. ಬಾಯಿ ಬಿಡಲಾಗದೆ ಚೀಟಿ ಬರೆದು ಸರಿಸಿದೆ: 'ಇಲ್ಲಿ ಕೂದಲೆಳೆಯಷ್ಟು ಸಂದು ಬಿಡಬೇಕು.' ಅವರು ಓದಿ, ಮುಖವೆತ್ತಿ, ನನ್ನನ್ನು ಒಂದು ನಿಮಿಷ ಹಾಗೇ ನೋಡಿದರು. ನಾನು ಆ ದಿನ ಮೂರು ಸ್ಲೀಪರು ಮುರಿದೆ.

ಮುಂದಿನ ಪ್ರಶ್ನೆ ಪಾಯಿಂಟುಗಳದು. ರೈಲು ಒಂದು ಲೈನಿನಿಂದ ಇನ್ನೊಂದಕ್ಕೆ ಹೊರಳುವ ಜಾಗವೇ ಪಾಯಿಂಟು. ಅಲ್ಲಿ ಕಂಬಿಯ ಚೂಪಾದ ತುದಿ ಆಚೀಚೆ ಸರಿಯಬೇಕು. ನಮ್ಮ ಮೇಜಿನಲ್ಲಿ ಅಂಥವು ಆರು. ಸರಿಸುವುದು ಹೇಗೆ? ನಿಜವಾದ ಕ್ಯಾಬಿನ್ನಿನ ಹಾಗೆ ಮೇಜಿನ ಅಂಚಿಗೆ ಪುಟ್ಟ ಲಿವರುಗಳಿಟ್ಟು, ಅಡಿಯಲ್ಲಿ ಸೈಕಲ್ ಕಡ್ಡಿ ಹಾಯಿಸಿ ಎಳೆಯೋಣ ಎಂದು ಸಂಪತ್ ಶುರು ಮಾಡಿದರು.

"ಬೇಡ," ಎಂದೆ.

ನನ್ನ ದನಿ ಕೇಳಿ ನನಗೇ ಗಾಬರಿಯಾಯಿತು. ಆದರೆ ನಿಲ್ಲಿಸಲಾಗಲಿಲ್ಲ. ದಾರದ ರೀಲಿಗೆ ತಾಮ್ರದ ತಂತಿಯನ್ನು ಆರುನೂರು ಸುತ್ತು ಸುತ್ತೋಣ, ಒಳಗೊಂದು ಕಬ್ಬಿಣದ ಮೊಳೆ ಇಡೋಣ, ಗುಂಡಿ ಒತ್ತಿದರೆ ಸುರುಳಿ ಮೊಳೆಯನ್ನು ಎಳೆಯುತ್ತದೆ, ಪಾಯಿಂಟು ಟಕ್ಕೆಂದು ಹೊರಳುತ್ತದೆ, ಒಂದು ಪಾಯಿಂಟಿಗೆ ಎರಡು ಸುರುಳಿ ಸಾಕು, ಮೇಜಿನಡಿ ಕಡ್ಡಿಗಳ ಗೋಜಲಿಲ್ಲ, ಲ್ಯಾಬಿನ ತಂತಿ ನಾನೇ ತರುತ್ತೇನೆ... ಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಹತ್ತು ನಿಮಿಷ ಮಾತಾಡಿರಬೇಕು. ಮುಗಿಸಿ ತಲೆಯೆತ್ತಿದರೆ, ಅವರು ಲೆಕ್ಕವನ್ನು ನೋಡುತ್ತಲೇ ಇರಲಿಲ್ಲ.

"ಆಯ್ತು," ಎಂದರು ಮೆಲ್ಲಗೆ. "ಸುರುಳಿನೇ ಆಗಲಿ."

ನಾನು ಸುತ್ತುತ್ತಿದ್ದೆ, ಅವರು ಎಣಿಸುತ್ತಿದ್ದರು.

"ಮುನ್ನೂರ ನಲವತ್ತು, ಮುನ್ನೂರ ನಲವತ್ತೊಂದು... ಟೀಚರ್, ನಿಮ್ಮ ಬಳೆಗೆ ತಂತಿ ಸಿಕ್ಕಿಕೊಳ್ತಿದೆ."

"ಎಷ್ಟಾಯ್ತು?"

"ತಪ್ಪೋಯ್ತು."

"ಮತ್ತೆ ಬಳೆ ಯಾಕೆ ನೋಡಿದ್ರಿ?"

"ಒಂದು, ಎರಡು, ಮೂರು..." ಎಂದು ಅವರು ಗಂಭೀರವಾಗಿ ಮೊದಲಿನಿಂದ ಶುರು ಮಾಡಿದರು.

ಗುರುವಾರ ಬೆಳಿಗ್ಗೆ ದೊಡ್ಡಮ್ಮ ದೋಸೆ ಮಗುಚುತ್ತ ಅಂದರು: "ಆ ಸಂಪತ್ಕುಮಾರ್‌ಗೆ ಹುಬ್ಬಳ್ಳಿಗೆ ವರ್ಗ ಅಂತೆ ಕಣೇ. ಎಗ್ಸಿಬಿಷನ್ ಮುಗಿದ ಮಾರನೇ ದಿನವೇ, ಸೋಮವಾರ, ಹೊರಡಬೇಕಂತೆ. ಪಾಪ, ಒಳ್ಳೆ ಹುಡುಗ. ಇನ್ನೊಂದು ಹಾಕ್ಲಾ?"

ಬೇಡ ಎಂದು ತಲೆಯಾಡಿಸಿದೆ. ಸಂಪತ್ ನನಗೆ ಹೇಳಿರಲಿಲ್ಲ. ಹೇಳಬೇಕೆನ್ನುವ ಹಕ್ಕು ನನಗೇನಿತ್ತು? ಇಷ್ಟು ದಿನ ಚೀಟಿಗಳಲ್ಲಿ, ಸೂಜಿಗಳಲ್ಲಿ ಬದುಕಿದವಳಿಗೆ ಇನ್ನು ಉಳಿದದ್ದು ಮೂರು ದಿನ. ಅಷ್ಟರಲ್ಲಿ ಬಾಯಿ ಬಿಡದಿದ್ದರೆ ಹೇಳಬೇಕಾದ್ದೆಲ್ಲ ಡೈರಿಯಲ್ಲೇ ಉಳಿಯುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಶನಿವಾರ ಉದ್ಘಾಟನೆ. ಬೋರಯ್ಯ ಗಂಜಿ ಹಾಕಿದ ಪೇಟ ಸುತ್ತಿ ಗುಂಡಿಗಳ ಮುಂದೆ ನಿಂತ. ಒತ್ತಿಯೇ ಹಿಡಿದರೆ ಸುರುಳಿ ಕಾಯುತ್ತದೆ, ಒತ್ತಿ ತಕ್ಷಣ ಬಿಡಬೇಕೆಂದು ಸಂಪತ್ ಹೇಳಿಕೊಟ್ಟಿದ್ದರು. ಹಿಂದಿನ ದಿನ ಹತ್ತು ಸಲ ಸರಿಯಾಗಿಯೇ ಮಾಡಿದ್ದ. ಉದ್ಘಾಟಿಸಲು ರೈಲ್ವೆಯ ದೊಡ್ಡ ಸಾಹೇಬರು ಬಂದರು. ಹಾಸನದ ರೈಲು ಗುಡುಗುಡು ಎಂದು ಹೊರಟಿತು. ಬೋರಯ್ಯ ಗುಂಡಿ ಒತ್ತಿದ. ಟಕ್. ಜನ ಚಪ್ಪಾಳೆ ತಟ್ಟಿದರು.

ಸಾಹೇಬರು ಹತ್ತಿರ ಬಗ್ಗಿ, "ನಿಲ್ಲಿಸಿ, ನಿಲ್ಲಿಸಿ, ಈ ಕಂಬಿ ನೋಡಬೇಕು," ಎಂದರು. ರೈಲು ಪಾಯಿಂಟಿನ ಮೇಲೆಯೇ ನಿಂತಿತು. ಅವರು ಒಂದೊಂದೇ ಸ್ಲೀಪರು ನೋಡುತ್ತ ಮೆಚ್ಚುತ್ತ ಹೋದರು.

ಸುಟ್ಟ ವಾಸನೆ ಬಂತು. ಮೇಜಿನ ಸಂದಿಯಿಂದ ಹೊಗೆ ಎದ್ದಿತು. ನೋಡಿದರೆ ಬೋರಯ್ಯನ ಹೆಬ್ಬೆರಳು ಇನ್ನೂ ಗುಂಡಿಯ ಮೇಲಿತ್ತು.

"ಏನಯ್ಯಾ, ಒಂದು ಗುಂಡಿ ಒತ್ತಿ ಬಿಡೋದಕ್ಕೂ ಬರಲ್ವಾ ನಿನಗೆ?" ಸಾಹೇಬರು ಗದರಿದರು. ಯಾರೋ ನಕ್ಕರು.

"ರೈಲು ಪಾಯಿಂಟ್ ಮ್ಯಾಲೈತೆ ಸಾಮಿ," ಎಂದ ಬೋರಯ್ಯ. ಹೆಬ್ಬೆರಳು ಅಲುಗಲಿಲ್ಲ. "ದಾಟೋಗಂಟ ಕೈ ಬಿಡಂಗಿಲ್ಲ."

ನಾನು ಬ್ಯಾಟರಿಯ ತಂತಿ ಕಿತ್ತೆ. ಪಕ್ಕದಲ್ಲಿ ಸಂಪತ್ ಬಾಯಿ ತೆರೆಯುವ ಮೊದಲೇ ನನ್ನ ಮಾತು ಹೊರಬಿದ್ದಿತ್ತು.

"ತಪ್ಪು ಅವರದಲ್ಲ ಸಾರ್, ನನ್ನದು. ರೈಲು ದಾಟುವ ತನಕ ಲಿವರ್ ಬಿಡಬಾರದು ಅಂತ ಇಪ್ಪತ್ತಾರು ವರ್ಷ ಕಲಿತ ಕೈ ಅದು. ಸರಿಯಾಗಿ ಕೆಲಸ ಮಾಡುವವರ ಕೈಯಲ್ಲಿ ಸುಟ್ಟುಹೋಗೋ ಯಂತ್ರ ಮಾಡಿದ್ದು ನಾನು. ನಾಳೆ ಬನ್ನಿ, ಸರಿ ಮಾಡಿರ್ತೀವಿ."

ಸಾಹೇಬರು ನನ್ನನ್ನು ನೋಡಿ, ಬೋರಯ್ಯನನ್ನು ನೋಡಿ, "ಹಾಗೋ," ಎಂದು ಪೇಟದ ಮುದುಕನ ಭುಜ ತಟ್ಟಿ ಮುಂದೆ ಹೋದರು.

ಜನ ಕರಗಿದ ಮೇಲೆ ಸಂಪತ್ ಒಂದು ಟ್ರಂಕು ತಂದು ತೆರೆದರು. ಆರು ಪುಟ್ಟ ಲಿವರುಗಳು. ಅರ ಹಾಕಿ, ಉಜ್ಜಿ, ಹಿಡಿಗಳಿಗೆ ಕೆಂಪು ಬಣ್ಣ ಬಳಿದವು. ಜೊತೆಗೆ ಬಗ್ಗಿಸಿದ ಸೈಕಲ್ ಕಡ್ಡಿಗಳ ಕಟ್ಟು.

"ಇವು ಯಾವಾಗ ಮಾಡಿದ್ದು?"

"ನೀವು ಸುರುಳಿ ಮಾತೆತ್ತೋ ಮುಂಚೆನೇ."

"ಬೋರಯ್ಯ ಕೈ ಬಿಡಲ್ಲ ಅಂತ ಗೊತ್ತಿತ್ತಾ?"

"ಅನುಮಾನ ಇತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಅವರು ಒಂದು ಕಡ್ಡಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತರು. "ನೀವು ಅಷ್ಟು ಮಾತಾಡಿದ್ದು ಅದೇ ಮೊದಲು. ಕಣ್ಣು ಹೊಳೀತಿತ್ತು. ಬೇಡ ಅಂದ್ರೆ ಮತ್ತೆ ಚೀಟಿ ಬರೆಯೋಕೆ ಹೋಗಿಬಿಡ್ತೀರಿ ಅಂತ... ತಡೆಯೋ ಮನಸ್ಸಾಗಲಿಲ್ಲ."

ಯಾವ ಹುಡುಗಿಯಾದರೂ ಕರಗಬೇಕಾದ ಮಾತು. ನನಗೆ ಸಿಟ್ಟು ಬಂತು.

"ನನ್ನ ಮಾತು ಕೇಳೋ ಆಸೆಗೆ ಬೋರಯ್ಯ ಅಷ್ಟು ಜನರ ಮುಂದೆ ತಲೆ ತಗ್ಗಿಸಬೇಕಾಯ್ತಲ್ಲ! ತಪ್ಪಿದ್ದರೆ ತಪ್ಪು ಅಂತ ಹೇಳೋಕೆ ನಿಮಗೇನು? ಹೇಳಿದ್ರೆ ಮುರಿದುಹೋಗೋಕೆ ನಾನೇನು ಸ್ಲೀಪರಾ?"

ಅವರ ಮುಖ ಬಿಳಿಚಿತು. ಸೀದಾ ಹೊರಗೆ ಹೋದರು. ಕಿಟಕಿಯಿಂದ ಕಂಡಿತು: ಹೊಂಗೆ ಮರದಡಿ ಪೇಟ ಬಿಚ್ಚಿ ಕೂತಿದ್ದ ಬೋರಯ್ಯನ ಮುಂದೆ, ಒಬ್ಬ ಇನ್‌ಸ್ಪೆಕ್ಟರು, ಕುಕ್ಕುರುಗಾಲಿನಲ್ಲಿ ಕೂತು ಎಲ್ಲವನ್ನೂ ಒಪ್ಪಿಕೊಳ್ಳುತ್ತಿದ್ದರು. ಆ ನೋಟಕ್ಕೆ ನನ್ನ ಸಿಟ್ಟು ಇಳಿಯಿತು. ಅವರ ಕಂಬಿಯನ್ನು ಮೆಚ್ಚಿದ್ದೆ, ಬೆಸುಗೆಯನ್ನು ಮೆಚ್ಚಿದ್ದೆ. ಮನುಷ್ಯನನ್ನು ಪೂರ್ತಿಯಾಗಿ ಮೆಚ್ಚಿದ್ದು ಆಗಲೇ.

"ಹೋಗ್ಲಿ ಬಿಡಿ ಸಾಮಿ," ಎನ್ನುತ್ತಿದ್ದ ಬೋರಯ್ಯ. "ಆ ಗುಂಡಿ ಕೈಗೆ ಏನೂ ಹೇಳಕಿಲ್ಲ. ಲಿವರ್ ಆದ್ರೆ ಹೇಳ್ತೈತೆ. ಆ ಅಮ್ಮಾರು ಭಲೇ ಗಟ್ಟಿಗಿತ್ತಿ. ನೀವು ಹುಷಾರು."

ಭಾನುವಾರ ಬೆಳಿಗ್ಗೆ ಏಳಕ್ಕೇ ಸೇರಿ ಮೂವರೂ ಲಿವರು ಕೂರಿಸಿದೆವು. ಮೇಜಿನಡಿ ಮಲಗಿ ನಾನು ಕಡ್ಡಿ ಸಿಕ್ಕಿಸಿದೆ; ಅವರು ಮೇಲಿಂದ "ಇನ್ನೊಂದು ನೂಲಿನಷ್ಟು ಎಡಕ್ಕೆ" ಎನ್ನುತ್ತಿದ್ದರು. ಪ್ರತಿ ಲಿವರಿಗೂ ಸ್ಪ್ರಿಂಗು ಇತ್ತು, ಎಳೆದರೆ ಕೈಗೆ ಭಾರ ತಿಳಿಯಲೆಂದು. ಬೋರಯ್ಯ ಮೊದಲನೆಯದನ್ನು ಎಳೆದು ಕಣ್ಣು ಮುಚ್ಚಿದ. "ಐತೆ," ಎಂದ. ಅಷ್ಟೇ.

ಆ ದಿನ ಸಾಯಂಕಾಲದವರೆಗೆ ಜಾವಗಲ್ಲಿನಿಂದ, ಗಂಡಸಿಯಿಂದ ಬಸ್ಸಿನಲ್ಲಿ ಬಂದವರೆಲ್ಲ ರೈಲು ನೋಡಿದರು. ಸಾಹೇಬರೂ ಮತ್ತೆ ಬಂದು, ತಾವೇ ಒಂದು ಲಿವರ್ ಎಳೆದು, ರೈಲು ದಾಟುವ ಮುಂಚೆ ಕೈ ಬಿಡಲು ಹೋಗಿ ಬೋರಯ್ಯನಿಂದ ಬೈಸಿಕೊಂಡರು.

ಐದು ಗಂಟೆಗೆ ಹಾಲು ಬರಿದಾಯಿತು. ನಾನು ರಿಯೋಸ್ಟಾಟಿನ ತಂತಿ ಬಿಚ್ಚುತ್ತಿದ್ದೆ. ಇನ್ನು ಅದರ ಕಾವಲು ಮುಗಿದಿತ್ತು.

"ಟೀಚರ್, ಇನ್ನೊಂದು ತಪ್ಪು ಇದೆ. ಈ ಸಲ ಮುಂಚೆನೇ ಹೇಳಿಬಿಡ್ತೀನಿ," ಎಂದರು ಸಂಪತ್. "ಹುಬ್ಬಳ್ಳಿಗೆ ವರ್ಗ ಕೇಳ್ಕೊಂಡಿದ್ದು ನಾನೇ. ಜನವರೀಲಿ. ಅಲ್ಲಿ ದೊಡ್ಡ ಕೆಲಸ, ಕಲಿಯೋಕೆ ಬೇಕಾದಷ್ಟಿದೆ. ನಿಮ್ಮನ್ನ ನೋಡಿದ ಮೇಲೆ ಆರ್ಡರ್ ವಾಪಸ್ ತಗೊಳ್ಳಿ ಅಂತ ಎರಡು ಸಲ ಅರ್ಜಿ ಬರೆದೆ, ಎರಡು ಸಲ ಹರಿದೆ. ನಿಮ್ಮ ಮನಸ್ಸು ಗೊತ್ತಿಲ್ಲದೆ ಏನಂತ ಬರೀಲಿ? ಇಲ್ಲೇ ಇರಿ ಅಂದ್ರೆ ಇರ್ತೀನಿ."

ಚೀಟಿ ಬರೆಯಲು ಪೆನ್ಸಿಲ್ಲು ಕೈಯಳತೆಯಲ್ಲೇ ಇತ್ತು. ಅದನ್ನು ಮುಟ್ಟಲಿಲ್ಲ.

"ವಾಪಸ್ ತಗೋಬೇಡಿ," ಎಂದೆ.

ಅವರ ಮುಖ ಇಳಿದುಹೋಯಿತು. "ಸರಿ," ಎಂದರು ಕಷ್ಟಪಟ್ಟು.

"ಹುಬ್ಬಳ್ಳಿಯಲ್ಲಿ ಹೆಣ್ಣುಮಕ್ಕಳ ಹೈಸ್ಕೂಲು ಇಲ್ವಾ?"

ಅವರಿಗೆ ಅರ್ಥವಾಗಲು ಎಷ್ಟೋ ಹೊತ್ತು ಹಿಡಿಯಿತು. ಆಮೇಲೆ ಕಿವಿ ಕೆಂಪಾಯಿತು, ಕೆನ್ನೆ ಕೆಂಪಾಯಿತು, ಮೇಜಿನ ಅಂಚನ್ನು ಹಿಡಿದುಕೊಂಡರು.

"ಇದೆ... ಇರಲೇಬೇಕು... ಸೈನ್ಸ್ ಟೀಚರ್ ಬೇಕೇಬೇಕು ಅಂತ ಕಾಯ್ತಿರ್ತಾರೆ!"

"ಅದು ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ಲ," ಎಂದು ನಕ್ಕುಬಿಟ್ಟರು. ನಾನೂ ನಕ್ಕೆ, ಯಾವ ಬೀರುವಿನ ಕಡೆಗೂ ತಿರುಗದೆ.

ಅವರು ಥಟ್ಟನೆ ಬಾಗಿಲ ಕಡೆ ಹೊರಟರು.

"ಎಲ್ಲಿಗೆ?"

"ಪಾರ್ಸೆಲ್ ಆಫೀಸಿಗೆ. ನಿಮ್ಮ ದೊಡ್ಡಪ್ಪ ಇನ್ನೂ ಡ್ಯೂಟೀಲಿದ್ದಾರೆ. ಬೇಲೂರಿಗೆ ನಿಮ್ಮ ತಂದೆಗೆ ಕಾಗದ ಬರೀಬೇಕಲ್ಲ, ಅವರಿಂದಲೇ ಶುರು ಮಾಡ್ತೀನಿ. ನೀವು..."

"ನಾನೂ ಬರ್ತೀನಿ," ಎಂದೆ. "ಮೊದಲು ಕೈ ತೊಳ್ಕೊಳ್ಳಿ. ಮೊಣಕೈವರೆಗೂ ಗ್ರೀಸಾಗಿದೆ."

ಸಂಪತ್ಕುಮಾರ್ ನಲ್ಲಿಯ ಕಡೆ ಹೋದರು. ನಾನು ಸೋಪು ಹಿಡಿದುಕೊಂಡು ಅವರ ಪಕ್ಕದಲ್ಲಿ ನಿಂತೆ.