ಹೆಣ್ಣಿಗೆ ಕೊಡಬೇಕಿದ್ದ ಹಂದಿ

"ಹಂದಿ ಇಲ್ಲ!"

ಸಾಗೋ ತಾಳೆಯ ತೋಟದಿಂದ ಅಪ್ಪ ಕೂಗುತ್ತಾ ಬಂದ. ನನ್ನ ಮದುವೆಯಲ್ಲಿ ಹೆಣ್ಣಿಗೆ ಪ್ರತಿಯಾಗಿ ಅವಳ ಅಪ್ಪನಿಗೆ ಕೊಡಬೇಕಿದ್ದ ಗಂಡುಹಂದಿ ಅದು. ಎಡಗಿವಿ ಸೀಳಿದ್ದೇ ನಮ್ಮ ಗುರುತು. ಸಿಬೆರುತ್ ದ್ವೀಪದಲ್ಲಿ ಸಾಕಿದ ಹಂದಿಯೂ ಕಾಡಲ್ಲೇ ಅಲೆಯುತ್ತದೆ, ಮೇವಿಗೆ ಕರೆದರೆ ಬರುತ್ತದೆ. ಎರಡು ದಿನದಿಂದ ಬಂದಿರಲಿಲ್ಲ, ಇಂದೂ ಬರಲಿಲ್ಲ.

ಹೆಣ್ಣು ಕೊಟ್ಟ ಮಾವ ಅಮನ್ ತೆಯು ಮೊನ್ನೆಯೇ ಬಂದು ಜಗಲಿಯಲ್ಲಿ ಬೀಡುಬಿಟ್ಟಿದ್ದ. "ಸಂಜೆಯೊಳಗೆ ಹಂದಿ. ಇಲ್ದಿದ್ರೆ ಮಗಳನ್ನ ದೋಣಿ ಹತ್ತಿಸ್ತೀನಿ."

ನನ್ನ ಹೆಂಡತಿ ಬೊಲೊಯಿ ಒಲೆಯ ಮುಂದಿನಿಂದ ತಲೆ ಎತ್ತಲಿಲ್ಲ. ಅವಳು ಹೋದರೆ ನನಗೆ ಈ ಮನೆಯೇ ಬೇಡವಾಗಿತ್ತು.

"ಕದ್ದೋನು ಹೊಳೆಯಾಚೆಯವನೇ!" ಚಿಕ್ಕಪ್ಪ ಅಮನ್ ಗರೈ ಒಂದು ಹಗ್ಗ ಬೀಸಿದ. "ಅಮನ್ ಕೊಕೊಯ್ ದೋಣೀಲಿ ಸಿಕ್ತು. ನಮ್ಮ ಹಂದಿ ಹಗ್ಗ!"

ಆಪಾದನೆ ಕೇಳಿ ಹೊಳೆ ದಾಟಿ ಬಂದು ಅಂಗಳದಲ್ಲಿ ನಿಂತಿದ್ದ ಅಮನ್ ಕೊಕೊಯ್ ಬಿಲ್ಲು ಎತ್ತಿದ. "ಅದನ್ನ ನಾನು ಕಂಡೇ ಇಲ್ಲ. ಹತ್ರ ಬಂದ್ರೆ ವಿಷದ ಬಾಣ ಬಿಡ್ತೀನಿ."

ನಾವೂ ಕತ್ತಿ ಹಿರಿದೆವು. ಮೊನ್ನೆ ಚಿಕ್ಕಪ್ಪ ಹೊಡೆದು ತಂದ ಕಾಡುಹಂದಿಯ ಬುರುಡೆ ಜಗಲಿಯ ತೊಲೆಯಿಂದ ನಮ್ಮ ಜಗಳವನ್ನೇ ನೋಡುತ್ತಿತ್ತು.

ನಡುವೆ ಬಂದವಳು ಸೋದರತ್ತೆ. ಅವಳ ನಾಲಿಗೆಗೆ ಹೆದರದವರು ನಮ್ಮಲ್ಲಿಲ್ಲ.

"ಏನೋ ಅಮನ್ ಗರೈ, ಮೊನ್ನೆ ತಂದ್ಯಲ್ಲ, ಆ ಹಂದಿಗೆ ಕಿವಿ ಇತ್ತೇನೋ?"

"ನಾಯಿ ಕಚ್ಕೊಂಡ್ ಹೋಯ್ತು."

"ಎರಡೂನಾ?"

"ಹೂಂ. ಏನೀಗ?"

"ಬುರುಡೆ ಕಟ್ಟಿದ್ದು ಯಾರು?"

"ನಾನೇ. ನನ್ನ ಬೇಟೆ, ನಾನು ಕಟ್ಟಬಾರ್ದಾ?"

"ಹಾಗಾದ್ರೆ ಎಲ್ಲರೂ ಮೇಲೆ ನೋಡಿ," ಎಂದಳು ಅತ್ತೆ. "ಕೋತಿ, ಜಿಂಕೆ — ಬೇಟೆ ಬುರುಡೆ ಎಲ್ಲಾ ಮನೆಯೊಳಕ್ಕೆ ಮುಖ ಮಾಡಿವೆ, ತಮ್ಮ ಬಳಗಾನ ಕರೀಲಿ ಅಂತ. ಹೊರಕ್ಕೆ ಮುಖ ಮಾಡಿ ಕಟ್ಟೋದು ಸಾಕಿದ ಪ್ರಾಣೀನ. ಇವನ 'ಕಾಡುಹಂದಿ' ಯಾಕೋ ಅಂಗಳ ನೋಡ್ತಿದೆ? ನಲವತ್ತು ವರ್ಷದ ಬೇಟೆಗಾರ, ಮರ್ತೋದ್ಯಾ? ಇಲ್ಲ. ಕದ್ದು ಕೊಂದೋನು ನೀನೇ. ಅವನ ದೋಣೀಲಿ ಹಗ್ಗ ಇಟ್ಟೋನೂ ನೀನೇ."

ಚಿಕ್ಕಪ್ಪನ ಕೈಯಿಂದ ಹಗ್ಗ ಜಾರಿತು.

"ನಿಮಗೆಲ್ಲ ಸುಳ್ಳು ಹೇಳ್ದೆ. ಆ ಹಂದಿ ಆತ್ಮಕ್ಕೆ ಸುಳ್ಳು ಹೇಳೋಕೆ ಧೈರ್ಯ ಬರ್ಲಿಲ್ಲ ಅಕ್ಕ, ಹೊರಕ್ಕೇ ಮುಖ ಮಾಡಿ ಕಟ್ದೆ." ಅವನು ಮಾವನತ್ತ ಬೆರಳು ಚಾಚಿದ. "ಇವನು ಬೇಟೆಗೆ ಅಂತ ಕಾಡಲ್ಲಿ ಉರುಳಾಗಿ ಕಟ್ಟಿದ ಈಟಿಗೆ ಸಿಕ್ಕಿ ನನ್ನ ಮಗ ಗರೈ ಸತ್ತ. ಇವನ ಮಗಳು ನಮ್ಮ ಒಲೆ ಹಚ್ಚಬೇಕಾ?"

ಅಮನ್ ಕೊಕೊಯ್ ಬಿಲ್ಲು ಇಳಿಸಿದ. ಮಾವನ ಮುಖ ಕಪ್ಪಿಟ್ಟಿತು.

"ಅಂದ್ರೆ ಮೊನ್ನೆ ನನಗೆ ಬಡಿಸಿದ್ದು—"

"ಅದೇ," ಎಂದಳು ಅತ್ತೆ. "ಬಾಯಿ ಚಪ್ಪರಿಸ್ಕೊಂಡು ಮಗಳ ಪಾಲೂ ತಿಂದೆ."

ಮಾವ ಅಂಗಳಕ್ಕೆ ಉಗಿದ. "ತಿಂದಾಯ್ತು. ಹಂದಿ ಮುಟ್ಟಿತು ಅಂತ್ಲೇ ಲೆಕ್ಕ. ಮಗಳು ಇಲ್ಲೇ ಇರ್ಲಿ." ಚಿಕ್ಕಪ್ಪನತ್ತ ನೋಡದೆ ದೋಣಿ ಹತ್ತಿದ.

ಬೊಲೊಯಿ ಎಲೆಯಲ್ಲಿ ಸುಟ್ಟ ಸಾಗೋ ಹಿಟ್ಟಿನ ರೊಟ್ಟಿ ಎಲ್ಲರಿಗೂ ಹಂಚಿದಳು. ಚಿಕ್ಕಪ್ಪನ ಮುಂದೆಯೂ ಒಂದು ಪಾಲು ಇಟ್ಟಳು. ಅವನು ಮುಟ್ಟಲಿಲ್ಲ, ಅವಳೂ ಅದನ್ನು ತೆಗೆಯಲಿಲ್ಲ.