ಪಾಚಿಕಾಡಿನ ಮುಕ್ಕೊಕ್ಕೆ ಕುಲ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಪಚ್ಚೆಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಸ ಬಲ್ಲರಸನಿಗೆ ಚಾಗಲದೇವಿ ಎಂಬ ಒಬ್ಬಳೇ ಮಗಳು. ಆ ನಾಡಿನ ಹಕ್ಕಿಗೂ ಮೀನಿಗೂ ಹುಳುವಿಗೂ ಒಂದೊಂದು ಕುಲವಿತ್ತು, ಕುಲಕ್ಕೊಂದು ಹೆಸರಿತ್ತು. ಕುಲ ತಿಳಿದ ಜೀವದ ಮೇಲೆ ಯಾವ ಮಾಟವೂ ನಡೆಯುತ್ತಿರಲಿಲ್ಲ. ಅದಕ್ಕೇ ಪಚ್ಚೆಗಿರಿಯವರು ತಲೆಯೆತ್ತಿ ನಡೆಯುತ್ತಿದ್ದರು.

ಒಮ್ಮೆ ಶುಷ್ಕಾಕ್ಷನೆಂಬ ಮಾಂತ್ರಿಕ ಆಸ್ಥಾನಕ್ಕೆ ಬಂದ. ಅವನು ದಿಟ್ಟಿಸಿದ್ದೆಲ್ಲ ಒಣಗಿಹೋಗುತ್ತಿತ್ತು. ಈ ನಾಡಿನಲ್ಲಿ ನೀವು ಅರಿಯದ ಒಂದೇ ಒಂದು ಜೀವವಿದ್ದರೂ ಇಲ್ಲಿನ ನೀರೆಲ್ಲ ತನ್ನದಾಗಬೇಕು ಎಂದು ಕೇಳಿದ. ಅಂಥದ್ದು ಇರಲಾರದೆಂದು ಅರಸ ಮಾತು ಕೊಟ್ಟುಬಿಟ್ಟ. ಮಾಂತ್ರಿಕ ಕೋಟೆಗೋಡೆಯಿಂದ ಒಂದು ಹಿಡಿ ಪಾಚಿ ಕಿತ್ತು ಸಿಂಹಾಸನದ ಮುಂದಿಟ್ಟ.

“ಇದರೊಳಗೆ ಒಂದು ಪ್ರಾಣಿಯಿದೆ. ಅದರ ರೂಪ ಹೇಳಿ. ಅದು ಬದುಕುವ ಬಗೆ ಹೇಳಿ. ಅದರ ಕುಲ ಹೇಳಿ. ಅಮಾವಾಸ್ಯೆಯವರೆಗೆ ಕಾಯುತ್ತೇನೆ.”

ಅಂದಿನಿಂದಲೇ ಕೆರೆಗಳು ಬತ್ತತೊಡಗಿದವು. ಪಂಡಿತರು ಪಾಚಿಯನ್ನು ತಿರುಗಿಸಿ ಮುರುಗಿಸಿ ನೋಡಿದರು, ಏನೂ ಕಾಣಲಿಲ್ಲ. ಚಾಗಲದೇವಿಯ ಬಳಿ ಅವಳ ಅಜ್ಜಿ ಕೊಟ್ಟ ಇಬ್ಬನಿಯ ಮುತ್ತಿತ್ತು. ಅದನ್ನು ನಾಲಿಗೆಯ ಮೇಲಿಟ್ಟುಕೊಂಡವರು ಕಣ್ಣಿಗೆ ಕಾಣದಷ್ಟು ಚಿಕ್ಕವರಾಗುತ್ತಿದ್ದರು. ಮಾತು ಕೊಟ್ಟವನು ತಾನು, ಮುತ್ತಿನ ಬಲದಿಂದ ಪಾಚಿಯೊಳಗೆ ಹೋಗಬೇಕಾದವನೂ ತಾನೇ ಎಂದು ಅರಸ ಹಟ ಹಿಡಿದ.

“ಕುಲಗಳನ್ನೆಲ್ಲ ಕಲಿತವಳು ನಾನು, ಅಪ್ಪಾಜಿ. ನನ್ನನ್ನೇ ಕಳಿಸಿ,” ಎಂದಳು ಮಗಳು.

ಅರಸ ತಡೆಯಲಾರದೆ ಹೋದ. ಅವಳು ಮುತ್ತನ್ನು ನಾಲಿಗೆಯ ಮೇಲಿಟ್ಟುಕೊಂಡು ಪಾಚಿಯೊಳಗೆ ನಡೆದಳು.

ಒಳಗೆ ಪಾಚಿಯೇ ಮಹಾಕಾಡು. ಒಂದೊಂದು ಎಸಳೂ ತೇಗದ ಮರದಷ್ಟೆತ್ತರ. ದಾರಿಗೆ ಅಡ್ಡಲಾಗಿ ಕಣ್ಣಿಲ್ಲದ ಬಿಳಿ ಹಾವೊಂದು ಹೊರಳಿ ಬಂದು ಅವಳ ಸೊಂಟಕ್ಕೆ ಸುತ್ತಿಕೊಂಡಿತು. ಆಗ ಪೊದೆಯ ಹಿಂದಿನಿಂದ ದುಂಡು ಮೈಯ ಪ್ರಾಣಿಯೊಂದು ತೂಗಾಡುತ್ತಾ ಬಂದು, ಬಾಯೊಳಗಿನ ಎರಡು ಸೂಜಿಗಳಿಂದ ಹಾವನ್ನು ಚುಚ್ಚಿ ಓಡಿಸಿತು. ಅದು ಕರಡಿಯಂತಿತ್ತು, ಆದರೆ ಕಾಲು ಎಂಟು. ಇದು ನೀರುಕರಡಿಯೆಂದು ಚಾಗಲದೇವಿ ಗುರುತಿಸಿದಳು. ಅವಳು ಕಲಿತಂತೆ ನೀರುಕರಡಿಗಳಲ್ಲಿ ಕವಚದ ಕುಲ, ನುಣುಪಿನ ಕುಲ ಎಂದು ಎರಡೇ ಕುಲ. ನೀನು ಯಾವುದರವನು ಎಂದು ಕೇಳಿದಳು.

“ಕವಚದವರು, ನಿನಗೆ ಕವಚವಿಲ್ಲ, ಹೋಗು ಅಂದರು. ನುಣುಪಿನವರು ನನ್ನ ಉಗುರು ನೋಡಿ, ನಮ್ಮವನಲ್ಲ, ಹೋಗು ಅಂದರು. ನಾನು ಯಾರವನೂ ಅಲ್ಲ, ತಾಯಿ,” ಎಂದಿತು ಅದು.

ಅವಳು ಅದರ ಪಕ್ಕದಲ್ಲೇ ಕುಳಿತಳು. ಅದರ ಪಾದವನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಎಂಟು ಪಾದಗಳಲ್ಲೂ ಒಂದು ಉದ್ದ ಕೊಕ್ಕೆ, ಪಕ್ಕದಲ್ಲಿ ಎರಡು ಗಿಡ್ಡ ಕೊಕ್ಕೆ. ಅಂಥ ಉಗುರು ಯಾವ ಕುಲದಲ್ಲೂ ಇರಲಿಲ್ಲ.

ಅಷ್ಟರಲ್ಲಿ ಹೊರಗೆ ಶುಷ್ಕಾಕ್ಷನಿಗೆ ಅರಸನ ಮಗಳು ಪಾಚಿಯೊಳಗೆ ಹೋದ ಸುದ್ದಿ ಮುಟ್ಟಿತು. ಅವನು ಪಾಚಿಯನ್ನು ದಿಟ್ಟಿಸಿದ. ಕಾಡೆಲ್ಲ ಸುರುಟಿತು, ಚಾಗಲದೇವಿಯ ಉಸಿರು ಸಿಕ್ಕಿಕೊಂಡಿತು. ನೀರುಕರಡಿ ಅವಳನ್ನು ಎಂಟೂ ಕಾಲುಗಳಿಂದ ಅಪ್ಪಿಕೊಂಡಿತು. ಮೈ ಮಡಚಿ, ಕಾಲು ಒಳಗೆಳೆದುಕೊಂಡು, ಪುಟ್ಟ ಪೀಪಾಯಿಯಂತಾಗಿ ಅವಳೊಡನೆ ನಿದ್ದೆಹೋಯಿತು. ಎಷ್ಟು ಕಾಲ ಹಾಗಿದ್ದರೋ ತಿಳಿಯದು. ಒಂದು ಮುಂಜಾನೆ ಮಂಜಿನ ಹನಿಯೊಂದು ಬಿತ್ತು. ಪೀಪಾಯಿ ಉಬ್ಬಿತು, ಕಾಲುಗಳು ಹೊರಬಂದವು, ಇಬ್ಬರೂ ಎದ್ದು ಕುಳಿತರು. ಅಂದೇ ಅಮಾವಾಸ್ಯೆ.

ಚಾಗಲದೇವಿ ಪಾಚಿಯಿಂದ ಹೊರಬಂದು, ಮುತ್ತನ್ನು ಉಗುಳಿ, ಮೊದಲಿನಷ್ಟು ಎತ್ತರವಾಗಿ ತುಂಬಿದ ಸಭೆಯಲ್ಲಿ ಎದ್ದು ನಿಂತಳು. ಮೊದಲು ರೂಪ ಹೇಳಿದಳು. ಸಭೆ ತಲೆದೂಗಿತು. ಒಣಗಿದರೆ ಮಡಚಿ ಮಲಗುತ್ತದೆ, ನೀರು ಸೋಕಿದರೆ ಏಳುತ್ತದೆ ಎಂದು ಬದುಕುವ ಬಗೆ ಹೇಳಿದಳು. ಮಾಂತ್ರಿಕನ ಮುಖ ಕಪ್ಪಿಟ್ಟಿತು. ಇನ್ನು ಉಳಿದದ್ದು ಕುಲ. ಅವನು ದನಿ ತಗ್ಗಿಸಿ, ಇರುವ ಎರಡರಲ್ಲಿ ಒಂದನ್ನು ಹೇಳಿಬಿಡು, ಅರ್ಧ ನೀರು ಬಿಟ್ಟುಕೊಡುತ್ತೇನೆ ಎಂದ. ಹೆದರಿದ ಪಂಡಿತರೂ ಹಾಗೇ ಆಗಲಿ ಎಂದು ಕೈಮುಗಿದರು.

“ಇದು ಕವಚದ ಕುಲದ್ದಲ್ಲ, ನುಣುಪಿನ ಕುಲದ್ದೂ ಅಲ್ಲ. ಇದಕ್ಕೆ ಇದರದೇ ಕುಲವಿದೆ,” ಎಂದಳು ಅವಳು. “ಪಾದಕ್ಕೆ ಮೂರು ಕೊಕ್ಕೆ ಇರುವ ಈ ಕುಲದ ಹೆಸರು ಮುಕ್ಕೊಕ್ಕೆ.”

“ಒಂಟಿ ಜೀವಕ್ಕೆ ಎಲ್ಲಿಯ ಕುಲ?” ಎಂದು ಮಾಂತ್ರಿಕ ನಕ್ಕ.

ಅವನ ನಗು ಮುಗಿಯುವ ಮೊದಲೇ ಕೋಟೆಯ ಗೋಡೆ ಓಗೊಟ್ಟಿತು. ಮಾಡಿನ ಹೆಂಚುಗಳಿಂದ, ಮರದ ತೊಗಟೆಯಿಂದ, ಬಾವಿಕಟ್ಟೆಯಿಂದ, ಪಾಚಿ ಇದ್ದಲ್ಲೆಲ್ಲ ಮುಕ್ಕೊಕ್ಕೆಗಳು ಎಚ್ಚೆತ್ತು, ನಾವಿದ್ದೇವೆ, ನಾವಿದ್ದೇವೆ ಎಂದವು. ಹೆಸರಿಲ್ಲದೆ, ಒಂದಕ್ಕೊಂದು ಗೊತ್ತಿಲ್ಲದೆ ಬದುಕಿದ್ದವು ಅವು. ಶುಷ್ಕಾಕ್ಷ ಉರಿಗಣ್ಣಿನಿಂದ ದಿಟ್ಟಿಸಿದ. ಕುಲ ತಿಳಿದ ಮೇಲೆ ಮಾಟ ಅವುಗಳ ಮೇಲೆ ನಿಲ್ಲಲಿಲ್ಲ; ಅವು ಮಡಚಿ ಮಲಗಿದವು, ನೀರಿಲ್ಲದೆಯೂ ಮತ್ತೆ ಎದ್ದವು. ಇನ್ನೊಮ್ಮೆ ದಿಟ್ಟಿಸಿದ, ಇನ್ನೊಮ್ಮೆ ಎದ್ದವು. ಕೊನೆಗೆ ಅವನ ಕಣ್ಣುಗಳೇ ಸೋತು ನೀರು ತುಂಬಿಕೊಂಡವು. ಒಣಗಿಸುವ ಶಕ್ತಿಯೆಲ್ಲ ಆ ನೀರಿನೊಂದಿಗೆ ಹರಿದುಹೋಗಿ ಅವನು ಸಾಮಾನ್ಯ ಮುದುಕನಾಗಿ ನಿಂತ. ಕೆರೆಗಳು ಏರಿಯ ಮಟ್ಟಕ್ಕೆ ತುಂಬಿದವು.

ಅರಸ ಸಿಂಹಾಸನದಿಂದಿಳಿದು ಬಂದು ಮಗಳ ಪಕ್ಕದಲ್ಲಿ ನಿಂತ. ತನ್ನ ನಾಡಿನ ಕುಲಗಳಲ್ಲಿ ಇಂದು ಒಂದು ಹೆಚ್ಚಾಯಿತೆಂದು ಡಂಗುರ ಸಾರಿಸಿದ. ಅಂದಿನಿಂದ ಪಚ್ಚೆಗಿರಿಯ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಹಸಿರು ಗೋಡೆಯ ಹತ್ತಿರ ಹೋಗಿ, “ಇಲ್ಲಿರುವವರು ನಮ್ಮವರು” ಎಂದು ತೋರಿಸುತ್ತಿದ್ದರು. ಗೋಡೆಯೊಳಗಿನವರೂ ಗೋಡೆಯ ಹೊರಗಿನವರೂ ಬಹುಕಾಲ ತಂಪಾಗಿ ಬಾಳಿದರು.