ಗಾಳಿ ನೋಡಿ ಊದಿದ ಮಸಿ

"ನಿನ್ನ ಹೆಂಡ್ತಿ ಅಡುಗೆ ಮಾಡ್ತಿಲ್ಲ ಕಣೋ... ನನ್ನ ಉಸಿರು ಹುರೀತಿದಾಳೆ," ಎಂದು ಅತ್ತೆ ದಿಂಬಿಗೆ ಒರಗಿಕೊಂಡೇ ಮಗನಿಗೆ ದೂರು ಹೇಳಿದಳು. ಒಂದು ಮಾತಿಗೆ ಎರಡು ಸಲ ಕೆಮ್ಮು. ಸೊಸೆ ಬಾಯಿಗೆ ಹಿಡಿದ ಪಂಪಿನಿಂದ ಔಷಧಿ ಎಳೆದುಕೊಂಡವಳು, ಉಸಿರು ತಿರುಗಿದ ಕೂಡಲೇ ಆ ಕೈಯನ್ನು ಆಚೆಗೆ ತಳ್ಳಿದಳು. ಎಣ್ಣೆಯ ಘಾಟಿನಿಂದಲೇ ಮುದುಕಿಯ ಶ್ವಾಸಕೋಶ ಹಾಳಾಯಿತೆಂಬುದು ಆ ಮನೆಯ ತೀರ್ಮಾನ. ಒಲೆ ಹಿತ್ತಿಲಿಗೆ ಹೋಗಿ ತಿಂಗಳುಗಳಾಗಿದ್ದವು. ಬಾಣಲೆಗೆ ಎಣ್ಣೆ ಬೀಳುವುದೇ ನಿಂತು, ಎಲ್ಲರೂ ಬೇಯಿಸಿದ್ದನ್ನೇ ಉಣ್ಣುತ್ತಿದ್ದರು. ಆದರೂ ಸೊಸೆಯ ತಲೆಯ ಮೇಲಿನ ಗೂಬೆ ಇಳಿದಿರಲಿಲ್ಲ.

ಮಗ ಬೀದಿಯಾಚೆಯ ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಬಾಯ್ಲರಿನ ಕೊಳವೆಗಳಿಗೆ ಮೆತ್ತಿದ ಮಸಿಯನ್ನು ಆಗಾಗ ಹಬೆಯಿಂದ ಊದಿ ಚಿಮಣಿಗೆ ಬಿಡಬೇಕು. ಅದಕ್ಕೊಂದು ಬಾಯಿಮಾತಿನ ಕಟ್ಟಳೆ: ಗಾಳಿ ಸಾಹೇಬರ ಬಂಗಲೆಗಳತ್ತ ಬೀಸುವಾಗ ಊದಬಾರದು. ಅತ್ತ ಬೇಡವೆಂದರೆ ಇತ್ತ... ಕಾರ್ಮಿಕರ ಈ ಬೀದಿಯತ್ತ, ಅವನನ್ನು ಹೆತ್ತವಳ ಮಂಚದತ್ತ! ಒಣಹಾಕಿದ ಬಟ್ಟೆಯ ಮೇಲೆ ಕೂತ ಮಸಿ ನೋಡಿ ಹೆಂಡತಿ ಒಮ್ಮೆ ಕೇಳಿದಾಗ ಅವನೇ ಎಲ್ಲ ಹೇಳಿ, ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದಿದ್ದ. ಆ ಮಹಾರಾಯಿತಿ ಇಷ್ಟು ದಿನವೂ ಬಿಟ್ಟಿರಲಿಲ್ಲ.

ಆ ಭಾನುವಾರ ನಾದಿನಿ ತೀರ್ಮಾನ ಮಾಡಿಕೊಂಡೇ ಬಂದಳು. "ಅಮ್ಮನಿಗೆ ವಾಸಿಯಾಗೋವರೆಗೂ ಅತ್ತಿಗೆ ತವರಲ್ಲಿರಲಿ. ನಾನು ನೋಡ್ಕೋತೀನಿ."

ಹೆಂಡತಿ ಗಂಡನ ಮುಖ ನೋಡಿದಳು. ಒಂದೇ ಒಂದು ಮಾತು ಸಾಕಿತ್ತು. ಅವನು ಉಗುರಿನ ಸಂದಿಯ ಕಪ್ಪನ್ನು ಕೆರೆಯುತ್ತ ಕೂತಿದ್ದ.

"ನೀವು ಹೇಳಲ್ವಾ? ಹಾಗಾದ್ರೆ ನಾನೇ ಹೇಳ್ತೀನಿ," ಎಂದು ಅವಳು ಬಂಗಲೆ, ಗಾಳಿ, ಮಸಿ ಎಲ್ಲವನ್ನೂ ಬಿಚ್ಚಿಟ್ಟಳು. "ಸುತ್ತಮುತ್ತ ಹೊಗೆ ಇದೆಯಾ ಅಂತ ಡಾಕ್ಟ್ರು ಕೇಳಿದಾಗ, ಅಡುಗೆಮನೇದು ಅಷ್ಟೇ ಅಂದವರು ನೀವಲ್ವಾ?"

"ಹೌದೇನೋ?" ಎಂದಳು ತಾಯಿ.

"ಕೆಲಸ ಹೋಗುತ್ತಲ್ಲಮ್ಮ..."

ಮುದುಕಿ ಕಣ್ಣು ಮುಚ್ಚಿದಳು. ಎದೆಗೂಡು ಏರಿ ಇಳಿಯುತ್ತಿತ್ತು. ಆಮೇಲೆ ಸೊಸೆಯತ್ತ ತಿರುಗಿ, "ಬಟ್ಟೆ ಕಟ್ಕೋ," ಎಂದಳು.

"ಅತ್ತೆ... ನಿಮಗೀಗ ಗೊತ್ತಾಯ್ತಲ್ಲ?"

"ಗೊತ್ತಾಯ್ತು. ಈ ಬೀದೀಲಿ ಕೆಮ್ಮದಿರೋ ಮನೆ ಯಾವುದಿದೆ? ಇವತ್ತು ನಿನ್ನ ಬಾಯಿಗೆ ಬಂದಿದ್ದು ನಾಳೆ ಬೀದಿಗೆ ಬಂದ್ರೆ ನನ್ನ ಮಗನ್ನ ಉಳಿಸ್ತಾರಾ? ಎಣ್ಣೆ ಘಾಟು ಅಂತಲೇ ಇರಲಿ. ನಿನಗೆ ಹೋಗೋಕೆ ಇನ್ನೊಂದು ಮನೆ ಇದೆ. ನನಗೆ ಇನ್ನೊಬ್ಬ ಮಗ ಇಲ್ಲ."

ಹೊಟ್ಟೆ ಉರಿಯುವುದು ಇಂಥ ಕಡೆಯೇ. ತಿಳಿಯದೆ ದೂರಿದ್ದರೆ ಮರೆಯಬಹುದಿತ್ತು, ಇದು ಎಲ್ಲ ತಿಳಿದು ಹೊರಿಸಿದ್ದು. ಆದರೂ ಅವಳು ಹೊರಡುವ ಮುನ್ನ ನಾದಿನಿಯ ಕೈಗೆ ಪಂಪು ಕೊಟ್ಟು, "ಒತ್ತಿದ ಕೂಡಲೇ ಎಳ್ಕೊಳ್ಳೋಕೆ ಹೇಳಬೇಕು. ಆಮೇಲೆ ಬಾಯಿ ಮುಕ್ಕಳಿಸ್ಬೇಕು, ಅವರು ಮರೀತಾರೆ," ಎಂದು ತೋರಿಸಿಕೊಟ್ಟಳು.

ಗಂಡ ಚೀಲ ಹಿಡಿದು ಬಸ್ಸಿನವರೆಗೆ ಬಂದ. ಕಿಟಕಿಯ ಸರಳು ಹಿಡಿದುಕೊಂಡು, "ಅಮ್ಮನಿಗೆ ಪೂರ್ತಿ ವಾಸಿಯಾದ ತಕ್ಷಣ ಬಂದು ಕರ್ಕೊಂಡು ಹೋಗ್ತೀನಿ," ಎಂದ.

ಇದು ವಾಸಿಯಾಗುವ ಕಾಯಿಲೆಯಲ್ಲ, ಇರುವಷ್ಟು ದಿನ ಜೊತೆಗೇ ಇರುತ್ತದೆ ಎಂದು ಡಾಕ್ಟರು ಹೇಳಿದಾಗ ಅವನೂ ಅವಳ ಪಕ್ಕದಲ್ಲೇ ನಿಂತಿದ್ದ.

"ಆಯ್ತು," ಎಂದಳು ಅವಳು.